ಮೊಲಕ್ಕೆ ನಿಜವಾಗಿ ಬುದ್ಧಿ ಇದೆಯಾ? ಏನಾದರೂ ಕಲಿಸಬಹುದಾ?

ತೋಟದಮನೆ (ಸುಂಟಿಕೊಪ್ಪ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಮೊಲ ಸಾಕಿದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ನಮ್ಮ ಮನೆಯಲ್ಲಿ ಒಂದು ಬಿಳಿ ಮೊಲ ಇದೆ. ಹೆಸರು ಗುಂಡ. ಮಗಳ ಹಟಕ್ಕೆ ಕುಶಾಲನಗರದಿಂದ ತಂದದ್ದು. ಮೊಲ ಅಂದರೆ ತಿನ್ನುವುದು, ಹಿಕ್ಕೆ ಹಾಕುವುದು, ಮೂಲೆಯಲ್ಲಿ ಕೂರುವುದು, ಇಷ್ಟೇ ಅಂತ ನಮ್ಮತ್ತೆ ಮೊದಲೇ ಹೇಳಿದ್ದರು.

ಈಗ ಅತ್ತೆಗೇ ಆಶ್ಚರ್ಯ. ಅಡುಗೆಮನೆಯಲ್ಲಿ ಸಾಲಾಗಿ ಡಬ್ಬಗಳಿವೆ. ಅವನ ತಿಂಡಿ ಇರುವ ಸ್ಟೀಲ್ ಡಬ್ಬದ ಮುಚ್ಚಳ ತೆಗೆದರೆ ಮಾತ್ರ ಓಡಿ ಬರುತ್ತಾನೆ. ಸಕ್ಕರೆ ಡಬ್ಬ ತೆಗೆದರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ನಮ್ಮ ಯಜಮಾನರ ಜೀಪು ಗೇಟಿನ ಹತ್ತಿರ ತಿರುಗುವಾಗಲೇ ಎದ್ದು ನಿಲ್ಲುತ್ತಾನೆ. ಗೊಬ್ಬರ ತರುವ ಪಿಕಪ್ ಬಂದರೆ ಮಲಗಿಯೇ ಇರುತ್ತಾನೆ. ಗೂಡಿನ ಕೊಂಡಿಯನ್ನು ಹಲ್ಲಿನಿಂದ ಎತ್ತಿ ತೆಗೆಯುವುದನ್ನು ಕಲಿತ. ಅದಕ್ಕೆ ತಂತಿ ಸುತ್ತಿದೆವು. ಈಗ ತಂತಿಯ ತುದಿ ಹುಡುಕಿ ಎಳೆಯುತ್ತಿದ್ದಾನೆ. ಬೆಳಗಿನ ಜಾವ ಐದೂವರೆಗೆ ಗೂಡಿನ ಸರಳನ್ನು ಕಟಕಟ ಅಂತ ಕಡಿಯುತ್ತಾನೆ. ಉಳಿದವರ ನಿದ್ದೆ ಕೆಡದಿರಲಿ ಅಂತ ನಾನು ಎದ್ದು ಒಂದು ಹಿಡಿ ಹುಲ್ಲು ಹಾಕಿ ಬರುತ್ತೇನೆ. ತಕ್ಷಣ ಸುಮ್ಮನಾಗುತ್ತಾನೆ.

ಇದು ಬುದ್ಧಿಯಾ, ಸುಮ್ನೆ ಅಭ್ಯಾಸವಾ? ಮಗಳು ಆರನೇ ಕ್ಲಾಸು. ನಾಯಿಗೆ ಕಲಿಸಿದ ಹಾಗೆ ಇವನಿಗೂ ಕಲಿಸುತ್ತೇನೆ ಅಂತ ಹೊರಟಿದ್ದಾಳೆ. ಕರೆದರೆ ಬರಬೇಕು, ರಾತ್ರಿ ತಾನಾಗಿ ಗೂಡಿಗೆ ಹೋಗಬೇಕು. ನನಗೆ ಇಷ್ಟಾದರೆ ಸಾಕು. ಮಳೆ ಹಿಡಿದುಕೊಂಡರೆ ಅವನನ್ನು ಹೊರಗೆ ಬಿಡುವ ಹಾಗೇ ಇಲ್ಲ, ನಿಮಗೆಲ್ಲ ಗೊತ್ತಲ್ಲ. ಒಳಗೇ ಇದ್ದು ಏನೇನು ಕಡಿಯುತ್ತಾನೋ ಅನ್ನುವ ಚಿಂತೆ ಬೇರೆ.


ಕಾಡುಕೋಳಿ:

ಅಕ್ಕಾ, ಮೊಲಕ್ಕೆ ಪಾಠವಾ! ನಮ್ಮಜ್ಜನ ಮನೆಯಲ್ಲಿ ಒಂದು ಹಿಂಡೇ ಇತ್ತು. ಹಿಡಿಯಲು ಹೋದರೆ ಓಡುವುದು, ಅದೊಂದೇ ಅವಕ್ಕೆ ಗೊತ್ತಿದ್ದದ್ದು. ಸಿಂಹವನ್ನು ಬಾವಿಗೆ ಹಾರಿಸಿದ ಮೊಲ ಕಥೆಯಲ್ಲಿ ಮಾತ್ರ ಇರುತ್ತದೆ. ಒಂದು ನಾಯಿ ಸಾಕಿ, ತೋಟಕ್ಕೂ ಆಯಿತು, ಮಗಳಿಗೂ ಆಯಿತು.


ಹಳೇ ರೈಟರ್:

ಕಾಡುಕೋಳಿಯವರು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಿದ್ದಾರೆ. ಇರಲಿ. ಹಿಡಿಯಲು ಬಂದವರನ್ನು ಕಂಡು ಓಡುವ ಪ್ರಾಣಿ ದಡ್ಡ ಹೇಗಾಗುತ್ತದೆ?

ತೋಟದಮನೆಯವರೇ, ನಾನು ಸಿದ್ದಾಪುರ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು ಆಗಿದ್ದೆ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ನಾಯಿ, ಹಸು, ಹಂದಿ, ಕೋಳಿ ಎಲ್ಲ ಸಾಕಿ ಆಗಿದೆ. ಮೊಲ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಈಗ ಎರಡಿವೆ. ಹೆಣ್ಣು ಬೆಳ್ಳಿ, ಗಂಡು ಕರಿಯ. ನನ್ನ ಹೆಂಡತಿ ಹೇಳುವ ಪ್ರಕಾರ ನಾನು ಮಸ್ಟರ್ ರೋಲ್ ಬರೆದಷ್ಟೇ ಶ್ರದ್ಧೆಯಿಂದ ಇವುಗಳ ಹಿಂದೆ ಬಿದ್ದಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಬುದ್ಧಿಯಾ ಅಭ್ಯಾಸವಾ ಅಂತ ಕೇಳಿದ್ದೀರಿ. ಆ ತಲೆನೋವು ಬಿಡಿ. ಗುಂಡ ಕಲಿಯುತ್ತಾನೆ, ಅದರಲ್ಲಿ ಅನುಮಾನವೇ ಇಲ್ಲ. ಡಬ್ಬ, ಜೀಪು, ಕೊಂಡಿ, ಸರಳು, ನಾಲ್ಕೂ ಕಲಿತದ್ದೇ. ನೋಡಬೇಕಾದದ್ದು ಅವನಿಗೆ ಏನು ಕಲಿಸುತ್ತಿದ್ದೀರಿ ಅನ್ನುವುದನ್ನು. ಸರಳು ಕಡಿದರೆ ಅಮ್ಮ ಎದ್ದು ಬಂದು ಹುಲ್ಲು ಹಾಕುತ್ತಾರೆ. ಎಷ್ಟು ಚೆನ್ನಾಗಿ ಕಲಿತಿದ್ದಾನೆ ನೋಡಿ! ಮೊಲ ಇಪ್ಪತ್ನಾಲ್ಕು ಗಂಟೆಯೂ ಕಲಿಯುತ್ತಲೇ ಇರುತ್ತದೆ. ನಾವು ಪಾಠ ಅಂತ ಕೂತಾಗ ಮಾತ್ರ ಅಲ್ಲ.

ಇದನ್ನು ಬಿಡಿಸುವ ದಾರಿ ಹೀಗೆ. ರಾತ್ರಿ ಮಲಗುವ ಮುಂಚೆ ಗೂಡಿನಲ್ಲಿ ಒಣಹುಲ್ಲು ತುಂಬಿಸಿ, ಬೆಳಗಿನವರೆಗೆ ಖಾಲಿಯಾಗದಷ್ಟು. ಸದ್ದು ಮಾಡುವಾಗ ಹೋಗಬೇಡಿ. ಸುಮ್ಮನಾದ ಮೇಲೆ ಹೋಗಿ ಕೊಡಿ. ಮೊದಮೊದಲು ಇನ್ನೂ ಜೋರಾಗಿ ಕಡಿಯುತ್ತಾನೆ. ಆಗ ತಡೆಯಲಾರದೆ ಎದ್ದು ಹೋದಿರೋ, ಇನ್ನೂ ಜೋರಾಗಿ ಕಡಿದರೆ ಕೆಲಸ ಆಗುತ್ತದೆ ಅನ್ನುವ ಹೊಸ ಪಾಠ ಆಗಿಬಿಡುತ್ತದೆ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಈಗ ನಾಯಿಗೆ ಕಲಿಸಿದ ಹಾಗೆ ಅನ್ನುವ ಮಾತು. ಮಗಳಿಗೆ ಇದೊಂದು ಮಾತ್ರ ಬೇಡ ಅಂತ ಹೇಳಿ. ನಾಯಿ ಯಜಮಾನನ ಮುಖ ನೋಡಿ ಕೆಲಸ ಮಾಡುತ್ತದೆ. ಮೊಲ ಮೊದಲು ಓಡಲು ದಾರಿ ಎಲ್ಲಿದೆ ಅಂತ ನೋಡುತ್ತದೆ. ಗಿಡುಗ, ನರಿ, ಮುಂಗುಸಿ, ಹಾವು ಎಲ್ಲದಕ್ಕೂ ಊಟವಾಗಿ ಬಂದ ಪ್ರಾಣಿ ಅದು. ಮೇಲಿಂದ ಕೈ ಬಂದರೆ ಅದಕ್ಕೆ ಗಿಡುಗನೇ. ಗದರಿದರೆ ಏನೂ ಕಲಿಯುವುದಿಲ್ಲ, ನಿಮ್ಮ ಹತ್ತಿರ ಬರಬಾರದು ಅನ್ನುವುದೊಂದನ್ನು ಬಿಟ್ಟು. ‘ಭೇಷ್ ಭೇಷ್’ ಅಂತ ಬೆನ್ನು ತಟ್ಟಿದರೆ ಸಂತೋಷವೂ ಇಲ್ಲ. ಎಸ್ಟೇಟಿನ ಭಾಷೆಯಲ್ಲಿ ಹೇಳುವುದಾದರೆ ಮೊಲಕ್ಕೆ ವಾರದ ಬಟವಾಡೆ ನಡೆಯುವುದಿಲ್ಲ, ಕೆಲಸ ಮುಗಿದ ಕ್ಷಣ ಕೈಮೇಲೆ ಕೂಲಿ ಬೀಳಬೇಕು.

ಆ ‘ಕ್ಷಣ’ವನ್ನು ತೋರಿಸಲು ಒಂದು ಸದ್ದು ಬೇಕು. ಊರಿನಿಂದಾಚೆ ಇದಕ್ಕೆ ಕ್ಲಿಕ್ಕರ್ ಅಂತ ಮಾರುತ್ತಾರೆ. ನಾನು ಬಳಸುವುದು ತಲೆ ಒತ್ತುವ ಬಾಲ್ ಪೆನ್ನು. ಟಿಕ್ ಅಂದ ಕೂಡಲೇ ಒಂದು ಚೂರು ತಿಂಡಿ. ಟಿಕ್, ತಿಂಡಿ. ಟಿಕ್, ತಿಂಡಿ. ಬೇರೆ ಏನೂ ಕೇಳಬೇಡಿ. ಟಿಕ್ ಅಂದಾಗ ಮೊಲ ಕೈ ಕಡೆ ತಲೆ ತಿರುಗಿಸಿದರೆ ಸದ್ದಿನ ಅರ್ಥ ಆಯಿತು ಅಂತ ತಿಳಿಯಿರಿ. ತಿಂಡಿ ಅಂದರೆ ಹೆಸರುಕಾಳಿನಷ್ಟು ಬಾಳೆಹಣ್ಣು, ಇಲ್ಲ ಕೊತ್ತಂಬರಿ ದಂಟಿನ ತುಂಡು. ಹಣ್ಣು ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ. ಬೆಳ್ಳಿಗೆ ಬಾಳೆಹಣ್ಣಿಗಿಂತ ಕೊತ್ತಂಬರಿ ಇಷ್ಟ. ಕರಿಯನಿಗೆ ಬಾಳೆಹಣ್ಣು ಬಿಟ್ಟು ಬೇರೆ ಏನು ಕೊಟ್ಟರೂ ಮೂಗು ತಿರುಗಿಸುತ್ತಾನೆ.

ಬೆಳ್ಳಿಗೆ ನಾನು ಮೊದಲು ಕಲಿಸಿದ್ದು ಮರದ ಸೌಟಿನ ತುದಿಗೆ ಮೂಗು ತಾಗಿಸುವುದನ್ನು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಮಗಳಿಗೆ ಉಪಯೋಗವಾದೀತು.

ಸಂಜೆ ಹುಲ್ಲು ಹಾಕುವ ಮುಂಚಿನ ಹೊತ್ತು ಆರಿಸಿಕೊಂಡೆ. ಮೊಲ ಚುರುಕಾಗಿರುವುದು ಮುಂಜಾನೆ ಮತ್ತು ಮುಸ್ಸಂಜೆ. ಮಧ್ಯಾಹ್ನ ಕರೆದರೆ ಅದು ನಿಮ್ಮನ್ನು ಕಂಡೂ ಕಾಣದ ಹಾಗೆ ಮಲಗಿರುತ್ತದೆ. ನಮ್ಮದು ರೆಡ್ ಆಕ್ಸೈಡ್ ನೆಲ, ನುಣುಪು. ಮೊಲದ ಅಂಗಾಲಿನಲ್ಲಿ ನಾಯಿಗಿರುವ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಜಾರುವ ಕಡೆ ಅದು ಹೆಜ್ಜೆ ಇಡಲೂ ಹೆದರುತ್ತದೆ. ಅದಕ್ಕೆ ಕಾಫಿ ಗೋಣಿ ಹಾಸಿದೆ. ನಾನೂ ಕೆಳಗೇ ಕೂತೆ. ಸೌಟನ್ನು ಅವಳ ಮುಖದ ನೇರಕ್ಕೆ ಹಿಡಿಯಲಿಲ್ಲ, ಸ್ವಲ್ಪ ಪಕ್ಕಕ್ಕೆ ಹಿಡಿದೆ. ಮೊಲದ ಕಣ್ಣು ತಲೆಯ ಎರಡು ಬದಿಗಿವೆ. ಸುತ್ತ, ಹಿಂದೆ, ತಲೆ ಮೇಲೆ ಎಲ್ಲ ಕಾಣುತ್ತದೆ. ಆದರೆ ಮೂಗಿನ ಕೆಳಗೇ ಇರುವುದು ಕಾಣುವುದಿಲ್ಲ. ಬಾಯಿ ಮುಂದೆ ಇಟ್ಟ ಹಣ್ಣನ್ನು ಅದು ಮೀಸೆಯಿಂದ, ತುಟಿಯಿಂದ ತಡಕಾಡುವುದನ್ನು ನೀವೂ ನೋಡಿರುತ್ತೀರಿ. ಅದನ್ನು ನೋಡಿ ದಡ್ಡ ಅನ್ನುತ್ತಾರೆ ಜನ. ಪಾಪ, ಕಾಣದಿದ್ದರೆ ಅದೇನು ಮಾಡುತ್ತದೆ?

ಬೆಳ್ಳಿ ಸೌಟಿನ ಕಡೆ ಕಿವಿ ತಿರುಗಿಸಿದಳು. ಟಿಕ್. ಒಂದು ದಂಟು. ಕತ್ತು ಚಾಚಿದಳು. ಟಿಕ್. ಆಮೇಲೆ ಹಿಂದಿನ ಕಾಲು ಅಲ್ಲೇ ಇಟ್ಟು ಮೈಯನ್ನು ಉದ್ದಕ್ಕೆ ಎಳೆದಳು, ಹೆದರಿಕೆ ಆದರೆ ಹಿಂದಕ್ಕೆ ಜಿಗಿಯುವುದಕ್ಕೆ ತಯಾರಾಗಿ. ಮೂಗು ಸೌಟಿಗೆ ತಾಗಿತು. ಟಿಕ್, ಮತ್ತು ಈ ಸಲ ಎರಡು ದಂಟು. ಅದಾದ ಮೇಲೆ ಅವಳು ಸ್ವಲ್ಪ ಹೊತ್ತು ನಿಂತೇ ಇದ್ದಳು. ತಿಂದದ್ದು ಮುಗಿದಿತ್ತು. ಮೂಗು ಮಾತ್ರ ಓಡುತ್ತಿತ್ತು. ನಂತರ ನಾನು ಏನೂ ಮಾಡದೇ ಇರುವಾಗ ತಾನಾಗಿ ಬಂದು ಸೌಟನ್ನು ದೂಡಿದಳು, ತಗೋ, ಕೊಡು ಅನ್ನುವ ಹಾಗೆ. ಅವತ್ತೇ ನನಗೆ ಇವಳ ಮೇಲೆ ಗೌರವ ಬಂದದ್ದು.

ಸೌಟು ಹಿಡಿತಕ್ಕೆ ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ಸೌಟು ಎಲ್ಲಿ ಹೋಗುತ್ತದೋ ಮೊಲ ಅಲ್ಲಿ. ಗೂಡಿನೊಳಗೆ ಇಟ್ಟರೆ ಗೂಡಿನೊಳಗೆ. ತೂಕದ ತಟ್ಟೆ ಮೇಲೆ ಇಟ್ಟರೆ ತಟ್ಟೆ ಮೇಲೆ. ‘ಗೂಡು’ ಅನ್ನುವ ಮಾತನ್ನು ಅವಳು ಒಳಗೆ ಹೋಗುವ ಹೊತ್ತಿಗೆ ಹೇಳುತ್ತಾ ಬಂದೆ. ಆಮೇಲೆ ಸೌಟನ್ನು ಬಿಟ್ಟು ಬರೀ ಮಾತು. ಈಗ ರಾತ್ರಿ ದೀಪ ಆರಿಸುವ ಮುಂಚೆ ಗೂಡು ಅಂದರೆ ಹೋಗುತ್ತಾಳೆ. ಮನಸ್ಸಿಲ್ಲದಿದ್ದರೆ ಒಂದು ಸುತ್ತು ಹೊಡೆದು, ನನಗೆ ಹಿಂದಿನ ಕಾಲು ಝಾಡಿಸಿ ತೋರಿಸಿ ಹೋಗುತ್ತಾಳೆ.

ಹೆಸರಿನ ವಿಷಯದಲ್ಲಿ ಒಂದೇ ಕಟ್ಟುನಿಟ್ಟು. ಕರೆದಾಗೆಲ್ಲ ಒಳ್ಳೆಯದೇ ಸಿಗಬೇಕು. ಉಗುರು ಕತ್ತರಿಸಲು, ಔಷಧಿ ಕುಡಿಸಲು ಬೇಕಾದರೆ ಹೆಸರು ಕರೆಯದೆ ಸುಮ್ನೆ ಹೋಗಿ ಎತ್ತಿಕೊಳ್ಳಿ. ‘ಗುಂಡಾ ಬಾ’ ಅಂತ ಕರೆದು ಉಗುರು ಕತ್ತರಿಸಿದರೆ ಮಾರನೇ ದಿನ ಕರೆದಾಗ ಸೋಫಾ ಕೆಳಗೆ ಹೋಗುತ್ತಾನೆ. ಅದೂ ಕಲಿತದ್ದೇ ಅಲ್ವಾ?


ಕುಶಾಲನಗರದ ಹುಡುಗ:

ರೈಟರ್ ಅಂಕಲ್, ಸೂಪರ್. ಸ್ವೀಡನ್ನಿನಲ್ಲಿ ಮೊಲಕ್ಕೆ ಕುದುರೆ ಹಾಗೆ ಬೇಲಿ ಹಾರಿಸುವ ಸ್ಪರ್ಧೆ ಇದೆ, ಕಾನಿನ್‌ಹಾಪ್ ಅಂತಾರೆ. 1970ರ ದಶಕದಲ್ಲಿ ಶುರುವಾದದ್ದು. ಡೆನ್ಮಾರ್ಕಿನ ಯಾಬೋ ಅನ್ನುವ ಮೊಲ 1999ರಲ್ಲಿ 301 ಸೆಂಟಿಮೀಟರ್ ಉದ್ದ ಹಾರಿ ದಾಖಲೆ ಮಾಡಿತ್ತು. ಮೂರು ಮೀಟರ್! ಫಿನ್ಲೆಂಡಿನ ಇನ್ನೊಂದು ಮೊಲ 2018ರಲ್ಲಿ ಒಂದೇ ನಿಮಿಷದಲ್ಲಿ 20 ಟ್ರಿಕ್ ಮಾಡಿ ಗಿನ್ನೆಸ್‌ಗೆ ಹೋಯಿತು. ನಮ್ಮ ಮೊಲಗಳಿಗೂ ಇದನ್ನೆಲ್ಲ ಕಲಿಸಬಹುದಾ?


ಹಳೇ ರೈಟರ್:

ಕಲಿಸಬಹುದಪ್ಪ. ಕೋಲನ್ನು ಮೊದಲು ನೆಲದ ಮೇಲೇ ಇಡು. ದಾಟಿದರೆ ಟಿಕ್. ಆಮೇಲೆ ಒಂದೊಂದು ಬೆರಳಿನಷ್ಟು ಎತ್ತರ. ಗೋಣಿ ಇಲ್ಲದ ನುಣುಪು ನೆಲದಲ್ಲಿ ಮಾತ್ರ ಬೇಡ, ಮೊಲದ ಬೆನ್ನುಮೂಳೆ ಬಹಳ ನಾಜೂಕು. ಕತ್ತಿಗೆ ಹಗ್ಗ ಕಟ್ಟಿ ಎಳೆಯುವುದೂ ಬೇಡ. ಬೆಳ್ಳಿ ಮಣೆ ಮೇಲಿಂದ ಮಣೆಗೆ ಹಾರುತ್ತಾಳೆ. ಕರಿಯ ಕೋಲಿನ ಹತ್ತಿರ ಬಂದು, ಅದನ್ನು ಹಲ್ಲಲ್ಲಿ ಕಚ್ಚಿ ಎತ್ತಿ ಪಕ್ಕಕ್ಕೆ ಎಸೆದು, ನಡೆದುಕೊಂಡು ಹೋಗುತ್ತಾನೆ. ಯಾರು ಬುದ್ಧಿವಂತರು ಅಂತ ನೀನೇ ಹೇಳು.

ಈ ಪೆನ್ನಿನ ಸದ್ದಿನ ಹಿಂದಿನ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಬಿ.ಎಫ್. ಸ್ಕಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞರ ಶಿಷ್ಯರು ಕೆಲ್ಲರ್ ಬ್ರೆಲೆಂಡ್ ಮತ್ತು ಮೇರಿಯನ್ ಬ್ರೆಲೆಂಡ್, ಗಂಡ ಹೆಂಡತಿ. ಪ್ರಾಣಿ ಪಳಗಿಸುವುದನ್ನೇ ಕಸುಬು ಮಾಡಿಕೊಂಡರು. ಅರ್ಕಾನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ 1955ರಲ್ಲಿ ‘ಐಕ್ಯೂ ಜೂ’ ಅಂತ ತೆರೆದರು. ಅಲ್ಲಿ ಕೋಳಿ, ಬಾತು, ಮೊಲ ಎಲ್ಲ ಪ್ರದರ್ಶನ ಕೊಡುತ್ತಿದ್ದವು. ಬೈಗುಳ ಇಲ್ಲ, ಹೊಡೆತ ಇಲ್ಲ. ಸದ್ದು ಮತ್ತು ತಿಂಡಿ, ಅಷ್ಟೇ.

ನನಗೆ ಅದಕ್ಕಿಂತ ಹಿಡಿಸಿದ್ದು 1961ರಲ್ಲಿ ಅವರೇ ಬರೆದ ಲೇಖನದ ವಿಷಯ. ಎಲ್ಲಿ ತಮ್ಮ ಪಾಠ ನಡೆಯಲಿಲ್ಲ ಅಂತ ಬರೆದಿದ್ದಾರೆ. ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿಸಿದರೆ ಹಂದಿ ಅದನ್ನು ಮೂತಿಯಿಂದ ನೆಲದಲ್ಲಿ ಉರುಳಿಸುತ್ತಾ ಕೂತಿತಂತೆ. ರಕೂನ್ ಅನ್ನುವ ಪ್ರಾಣಿ ಎರಡು ನಾಣ್ಯ ಹಿಡಿದು ಒಂದಕ್ಕೊಂದು ಉಜ್ಜುತ್ತಾ ಕೂತಿತಂತೆ. ಹುಟ್ಟುಗುಣದ ಮುಂದೆ ಪಾಠ ಸೋತಿತು. ಮೊಲಕ್ಕೂ ಹಾಗೇ. ಕೆರೆಯುವುದು, ಕಡಿಯುವುದು ಅದರ ಹುಟ್ಟುಗುಣ. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಕಡಿಯದಿದ್ದರೆ ಅದಕ್ಕೇ ಕಷ್ಟ. ಕಡಿಯಬೇಡ ಅಂತ ಕಲಿಸಲು ಹೋದರೆ ನೀವು ಸೋಲುತ್ತೀರಿ. ಎಲ್ಲಿ ಕಡಿಯಬೇಕು ಅಂತ ಕಲಿಸಿದರೆ ಗೆಲ್ಲುತ್ತೀರಿ.

ತೋಟದಮನೆಯವರ ಮಳೆಗಾಲದ ಚಿಂತೆಗೂ ಇದೇ ಉತ್ತರ. ರಟ್ಟಿನ ಪೆಟ್ಟಿಗೆ ಒಂದಕ್ಕೆ ಎರಡು ಬಾಗಿಲು ಕತ್ತರಿಸಿ ಕೊಡಿ. ಒಂದೇ ಬಾಗಿಲಿದ್ದರೆ ಅದಕ್ಕೆ ಸಮಾಧಾನ ಇರುವುದಿಲ್ಲ. ಹಳೇ ಬಿದಿರು ಬುಟ್ಟಿಯಲ್ಲಿ ಹರಿದ ಕಾಗದ ತುಂಬಿಸಿ, ಮಧ್ಯೆ ತಿಂಡಿ ಬಚ್ಚಿಡಿ. ಕೊಂಡಿ ತೆಗೆಯುವ ಆಸೆ ಇದ್ದವನಿಗೆ ಮುಚ್ಚಳದ ಮರದ ಪೆಟ್ಟಿಗೆ ಕೊಡಿ, ತೆಗೆದು ತಿನ್ನಲಿ. ಗೂಡಿಗೆ ಮಾತ್ರ ತಂತಿ ಬಿಚ್ಚಿ ಗಟ್ಟಿ ಚಿಲಕ ಹಾಕಿಸಿ. ತಂತಿ ತುದಿ ಕಣ್ಣಿಗೋ ಬಾಯಿಗೋ ಚುಚ್ಚೀತು. ಕರೆಂಟ್ ವೈರುಗಳನ್ನು ಪೈಪಿನೊಳಗೆ ಹಾಕಿ.


ವೆಟ್ ಓದುವವಳು:

ರೈಟರ್ ಅಂಕಲ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಸೋಮವಾರಪೇಟೆಯವಳು, ಪಶುವೈದ್ಯ ಓದುತ್ತಿದ್ದೇನೆ.

ಮೊಲ ಕಲಿಯುತ್ತದಾ ಅಂತ ನಾವಿಲ್ಲಿ ಕೇಳುತ್ತಿದ್ದೇವೆ. ಕಲಿಕೆ ಅಂದರೆ ಮಿದುಳಿನಲ್ಲಿ ಏನಾಗುತ್ತದೆ ಅನ್ನುವುದನ್ನೇ ವಿಜ್ಞಾನಿಗಳು ಮೊಲದಿಂದ ತಿಳಿದುಕೊಂಡಿದ್ದಾರೆ. 1962ರಲ್ಲಿ ಅಮೆರಿಕದ ಗೊರ್ಮೆಜಾನೋ ಮತ್ತು ಜೊತೆಗಾರರು ಒಂದು ವಿಧಾನ ಪ್ರಕಟಿಸಿದರು. ಮೊಲಕ್ಕೆ ಒಂದು ಸದ್ದು ಕೇಳಿಸುವುದು, ಹಿಂದೆಯೇ ಕಣ್ಣಿಗೆ ಪುಸ್ ಅಂತ ಗಾಳಿ. ಸ್ವಲ್ಪ ಅಭ್ಯಾಸವಾದ ಮೇಲೆ ಸದ್ದು ಕೇಳಿದರೆ ಸಾಕು, ಗಾಳಿ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿರುತ್ತದೆ. ತೀರಾ ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ. ಇದೇ ವಿಧಾನದಿಂದ ರಿಚರ್ಡ್ ಥಾಂಪ್ಸನ್ ಅವರ ತಂಡ 1980ರ ದಶಕದಲ್ಲಿ ಈ ಕಲಿಕೆಗೆ ಕಿರುಮಿದುಳು ಬೇಕೇ ಬೇಕು ಅಂತ ತೋರಿಸಿತು. ನಮ್ಮ ಮಿದುಳಿನ ಪಾಠಕ್ಕೂ ಅದೇ ಆಧಾರ.

ಮರಿಗಳ ವಿಷಯ ಇನ್ನೂ ಚೆನ್ನಾಗಿದೆ. ಮೊಲದ ಮರಿ ಹುಟ್ಟುವಾಗ ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಕೂದಲೂ ಇರುವುದಿಲ್ಲ. ತಾಯಿ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ ಬಂದು ಕೆಲವೇ ನಿಮಿಷ ಹಾಲು ಕೊಟ್ಟು ಹೋಗುತ್ತದೆ. ಆ ಗಡಿಬಿಡಿಯಲ್ಲಿ ಮರಿ ಮೊಲೆತೊಟ್ಟು ಹುಡುಕುವುದು ವಾಸನೆಯಿಂದ. ಆ ವಾಸನೆಯ ವಸ್ತು ಯಾವುದು ಅಂತ ಫ್ರಾನ್ಸಿನ ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ಅದರ ಜೊತೆ ಹೊಸ ವಾಸನೆ ಒಂದನ್ನು ಒಂದೇ ಒಂದು ಸಲ ತೋರಿಸಿದರೂ ಮರಿ ಕಲಿತುಬಿಡುತ್ತದೆ ಅಂತ 2006ರಲ್ಲಿ ತೋರಿಸಿದರು. ಗರ್ಭಿಣಿ ತಾಯಿ ಏನು ತಿಂದಿರುತ್ತದೋ ಅದನ್ನೇ ಮರಿಗಳು ದೊಡ್ಡವಾದ ಮೇಲೆ ಇಷ್ಟಪಡುತ್ತವೆ ಅನ್ನುವುದೂ ಗೊತ್ತಾಗಿದೆ. ಹಂಗೆರಿಯಲ್ಲಿ ನಡೆದ ಇನ್ನೊಂದು ಅಧ್ಯಯನ ನಮಗೆ ನೇರವಾಗಿ ಉಪಯೋಗ. ಹುಟ್ಟಿದ ಮೊದಲ ವಾರ, ಹಾಲು ಕುಡಿಯುವ ಹೊತ್ತಿನ ಆಸುಪಾಸಿನಲ್ಲಿ ಮನುಷ್ಯರು ಕೈಯಲ್ಲಿ ಹಿಡಿದ ಮರಿಗಳು ಮುಂದೆ ಮನುಷ್ಯರಿಗೆ ಕಡಿಮೆ ಹೆದರಿದವು. ಬೇರೆ ಹೊತ್ತಿನಲ್ಲಿ ಹಿಡಿದದ್ದು ಅಷ್ಟು ಫಲ ಕೊಡಲಿಲ್ಲ. ಹಾಗಾಗಿ ಕಾಡುಕೋಳಿಯವರ ಅಜ್ಜನ ಮೊಲಗಳು ಓಡುತ್ತಿದ್ದದ್ದು ದಡ್ಡತನದಿಂದ ಅಲ್ಲ. ಯಾರೂ ಮುಟ್ಟದೆ ಬೆಳೆದವು ಅವು.

ಪಾಠದ ಮಧ್ಯೆ ಆರೋಗ್ಯ ಮರೆಯಬೇಡಿ. ಸರಳು ಕಡಿಯುವುದು ಹಟದಿಂದಲೇ ಇರಬಹುದು, ಆದರೂ ಒಮ್ಮೆ ಹಲ್ಲು ತೋರಿಸಿ. ಊಟದ ಬಹುಪಾಲು ಹುಲ್ಲೇ ಇರಲಿ. ಗರಿಕೆ ಬಹಳ ಒಳ್ಳೆಯದು. ನಮ್ಮ ಕಡೆ ಮಳೆಗಾಲದಲ್ಲಿ ಒದ್ದೆ ಹುಲ್ಲನ್ನು ಮೂಟೆಯಲ್ಲೇ ಬಿಟ್ಟರೆ ಒಳಗೆ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ, ಅದನ್ನು ಹಾಕಬೇಡಿ. ಜಗಲಿಯಲ್ಲಿ ಹರಡಿ ನೀರು ಆರಿದ ಮೇಲೆ ಕೊಡಿ. ಬೇಲಿಯ ಲಂಟಾನ ವಿಷ. ಕಾಫಿ ಬೀಜವೂ ಬಾಯಿಗೆ ಸಿಗದಿರಲಿ. ಗೂಡಿನ ನೆಲ ತೇವ ಇದ್ದರೆ ಅಂಗಾಲು ಹುಣ್ಣಾಗುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.


ತೋಟದಮನೆ (ಸುಂಟಿಕೊಪ್ಪ):

ಎಲ್ಲರಿಗೂ ಬಹಳ ಥ್ಯಾಂಕ್ಸ್. ಮಗಳು ಅವತ್ತೇ ಶುರು ಮಾಡಿದಳು. ಬೆಳಗಿನ ಕಟಕಟ ರೈಟರ್ ಸರ್ ಹೇಳಿದ ಹಾಗೆ ಮೊದಲು ಜೋರಾಯಿತು. ನಮ್ಮತ್ತೆ ‘ಹಾಕಿ ಬಾರೇ’ ಅಂತ ಒಂದೇ ವರಾತ. ಬಾಗಿಲು ಹಾಕಿಕೊಂಡು ಮಲಗಿದೆ. ಈಗ ಕಡಿಮೆಯಾಗುತ್ತಿದೆ.

ಎರಡು ತೊಂದರೆ. ಪೆನ್ನಿನ ಸದ್ದಿಗೆ ಗುಂಡ ಬೆಚ್ಚುತ್ತಾನೆ. ಇನ್ನೊಂದು, ಗೂಡಿನಲ್ಲಿ ಒಂದೇ ಮೂಲೆಯಲ್ಲಿ ಗಲೀಜು ಮಾಡುತ್ತಿದ್ದವನು ಈಗೀಗ ಎಲ್ಲ ಕಡೆ ಉಚ್ಚೆ ಸಿಡಿಸುತ್ತಾನೆ. ಕಾಲಿನ ಸುತ್ತ ಗುರ್ ಅಂತ ಸುತ್ತುತ್ತಾನೆ. ಇದಕ್ಕೂ ಪಾಠ ಇದೆಯಾ?

ಮತ್ತೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬರುತ್ತಿದೆ. ಕೋವಿ, ಪಟಾಕಿ ಸದ್ದಿಗೆ ಏನು ಮಾಡುತ್ತೀರಿ?


ಹಳೇ ರೈಟರ್:

ಪೆನ್ನನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿ, ಇಲ್ಲ ನಾಲಿಗೆಯಿಂದ ‘ಚ್’ ಅನ್ನಿ. ಸದ್ದು ಯಾವುದಾದರೂ ಆಗಬಹುದು, ಪ್ರತಿ ಸಲ ಒಂದೇ ಥರ ಇದ್ದರೆ ಆಯಿತು. ಬೇರೆ ಯಾವುದಕ್ಕೂ ಆ ಸದ್ದು ಮಾಡಬೇಡಿ. ನನ್ನ ಮೊಮ್ಮಗ ಟಿವಿ ನೋಡುತ್ತಾ ಪೆನ್ನು ಟಿಕ್ ಟಿಕ್ ಮಾಡುತ್ತಿದ್ದರೆ ಬೆಳ್ಳಿ ಅವನ ಮುಂದೆ ಹೋಗಿ ಕೂತು, ಏನೂ ಸಿಗದೆ, ಅವನ ಚಡ್ಡಿ ಎಳೆಯುತ್ತಾಳೆ.

ಉಚ್ಚೆ ಸಿಡಿಸುವುದಕ್ಕೆ ಪಾಠ ಇಲ್ಲ, ಅದು ವಯಸ್ಸು. ಗಂಡು ಮೊಲ ನಾಲ್ಕರಿಂದ ಆರು ತಿಂಗಳಿಗೆ ಹಾಗೆ ಶುರು ಮಾಡುತ್ತದೆ. ಕರಿಯನಿಗೆ ಮೈಸೂರಿನಲ್ಲಿ ಬೀಜ ತೆಗೆಸಿದೆವು. ಮೊಲಕ್ಕೆ ಅರಿವಳಿಕೆ ಕೊಟ್ಟು ಗೊತ್ತಿರುವ ಡಾಕ್ಟರೇ ಆಗಬೇಕು, ವಿಚಾರಿಸಿಕೊಂಡು ಹೋಗಿ. ಸ್ವಲ್ಪ ವಾರಗಳ ಮೇಲೆ ಸಿಡಿಸುವುದು ನಿಂತಿತು. ಆಮೇಲೆ ಅವನು ಯಾವ ಮೂಲೆ ಆರಿಸಿಕೊಂಡನೋ ಅಲ್ಲೇ ತಟ್ಟೆ ಇಟ್ಟೆವು. ನಮಗೆ ಬೇಕಾದ ಮೂಲೆಗೆ ಅವನು ಬರುವುದಿಲ್ಲ. ತಟ್ಟೆಯ ಒಂದು ತುದಿಗೆ ಹುಲ್ಲು ಇಡಿ. ಮೊಲ ತಿನ್ನುತ್ತಾ ತಿನ್ನುತ್ತಾ ಹಿಕ್ಕೆ ಹಾಕುವ ಪ್ರಾಣಿ. ಎರಡೂ ಒಂದೇ ಕಡೆ ಆದರೆ ಅದಕ್ಕೂ ಅನುಕೂಲ, ಗುಡಿಸುವವರಿಗೂ ಅನುಕೂಲ.

ಪುತ್ತರಿ ದಿನ ಕದಿರು ಕೊಯ್ಯುವ ಹೊತ್ತಿಗೆ ಮುಂಚೆಯೇ ಎರಡನ್ನೂ ಒಳಕೋಣೆಗೆ ತರುತ್ತೇವೆ. ಕಿಟಕಿಗೆ ಕಂಬಳಿ, ರೇಡಿಯೋ ಹಾಕಿಡುವುದು, ಎರಡು ಬಾಗಿಲಿನ ರಟ್ಟಿನ ಪೆಟ್ಟಿಗೆ. ಎತ್ತಿಕೊಂಡು ಸಮಾಧಾನ ಮಾಡಲು ಹೋಗಬೇಡಿ. ಹೆದರಿದ ಮೊಲ ಒದೆದುಕೊಂಡರೆ ತನ್ನ ಸೊಂಟವನ್ನೇ ಮುರಿದುಕೊಳ್ಳಬಹುದು. ಪುತ್ತರಿ ಆದರೂ ಒಂದು ರಾತ್ರಿಯದು. ನಮ್ಮಲ್ಲಿ ಆನೆ ಓಡಿಸುವ ಪಟಾಕಿ ವರ್ಷವಿಡೀ ಇರುತ್ತದೆ.

ಇದಕ್ಕೆ ಬೆಳ್ಳಿ ಒಂದು ಉಪಾಯ ಮಾಡಿಕೊಂಡಿದ್ದಾಳೆ. ಪಕ್ಕದ ತೋಟದವರು ಮೊದಲು ಕೂಗು ಹಾಕುತ್ತಾರೆ, ತಗಡು ಬಡಿಯುತ್ತಾರೆ. ಪಟಾಕಿ ಹಚ್ಚುವುದು ಆಮೇಲೆ. ಈಗ ಆ ಕೂಗು ಕೇಳಿದರೆ ಸಾಕು, ಹಿಂದಿನ ಕಾಲಿನಿಂದ ನೆಲಕ್ಕೆ ಡಬ್ ಅಂತ ಒಂದು ಏಟು ಕೊಟ್ಟು ಪೆಟ್ಟಿಗೆ ಒಳಗೆ ಹೋಗಿರುತ್ತಾಳೆ. ಕರಿಯನೂ ಆ ಏಟು ಕೇಳಿ ಹಿಂದೆಯೇ ಓಡುತ್ತಾನೆ. ಪಟಾಕಿ ಇನ್ನೂ ಸಿಡಿದಿರುವುದಿಲ್ಲ. ಮದುವೆಯ ಕೂಗಿಗೆ, ಲೈನ್ ಮನೆಯ ಮಕ್ಕಳ ಗಲಾಟೆಗೆ ಹೀಗೆ ಮಾಡುವುದಿಲ್ಲ. ವೆಟ್ ಮೇಡಂ ಹೇಳಿದ ಸದ್ದು, ಗಾಳಿಯ ಪಾಠ ಇದೇ ಅಲ್ವಾ? ನಾನು ಕಲಿಸಿದ್ದಲ್ಲ. ನಮ್ಮ ನಾಯಿಗಿಂತ ಬೆಳ್ಳಿಯೇ ಮುಂಚೆ ಹೇಳುತ್ತಾಳೆ. ನಾಯಿ ಪಟಾಕಿ ಸಿಡಿದ ಮೇಲೆ ಮಂಚದ ಕೆಳಗೆ ಹೋಗುತ್ತದೆ.


ಕಾಡುಕೋಳಿ:

ಸರಿ ಸರ್, ನಾಲ್ಕು ಕಾಲು ಅಂತ ಒಪ್ಪಿಕೊಂಡೆ.

ಒಂದು ಕೇಳಬೇಕಿತ್ತು. ನಿನ್ನೆ ಕಾಫಿ ಗಿಡದ ಬುಡ ಬಿಡಿಸುವಾಗ ನಮ್ಮ ಹುಡುಗರಿಗೆ ಕಾಡುಮೊಲದ ಮರಿ ಸಿಕ್ಕಿದೆ. ಕಂದು ಬಣ್ಣ, ಕಣ್ಣು ಬಿಟ್ಟಿದೆ, ಮೈತುಂಬ ಕೂದಲು. ತಾಯಿ ಎಲ್ಲೂ ಇಲ್ಲ. ಇದನ್ನೇ ಮನೆಯಲ್ಲಿ ಸಾಕಿ ಸೌಟಿನ ಪಾಠ ಶುರು ಮಾಡಲಾ?


ವೆಟ್ ಓದುವವಳು:

ಬೇಡ ಅಣ್ಣ. ಅದು ಬೇರೆಯೇ ಪ್ರಾಣಿ. ನಾವು ಸಾಕುವ ಮೊಲ ಯುರೋಪಿನ ಕಾಡುಮೊಲದ ವಂಶ, ಎಷ್ಟೋ ತಲೆಮಾರಿನಿಂದ ಮನುಷ್ಯರ ಜೊತೆ ಇದೆ. ನಿಮ್ಮ ತೋಟದ್ದು ಕತ್ತಿನ ಹಿಂದೆ ಕಪ್ಪು ಪಟ್ಟೆ ಇರುವ ನಮ್ಮ ಕಾಡುಮೊಲ. ಎರಡೂ ಒಂದಕ್ಕೊಂದು ಬೆರೆತು ಮರಿ ಹಾಕುವುದಿಲ್ಲ. ಇದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಮನೆಯಲ್ಲಿಟ್ಟರೆ ಹೆದರಿಕೆಯಿಂದಲೇ ಹೆಚ್ಚಿನವು ಉಳಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿದು ಸಾಕುವಂತೆಯೂ ಇಲ್ಲ.

ತಾಯಿ ಬಿಟ್ಟು ಹೋಗಿಲ್ಲ. ಹಗಲಲ್ಲಿ ಮರಿಯ ಹತ್ತಿರ ಇದ್ದರೆ ಬೇರೆ ಪ್ರಾಣಿಗಳಿಗೆ ಗೊತ್ತಾಗುತ್ತದೆ ಅಂತ ದೂರ ಇರುತ್ತದೆ. ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವ ಹೆದರಿಕೆ ಬೇಡ. ಗಾಯ ಇಲ್ಲದಿದ್ದರೆ ಈಗಲೇ ಸಿಕ್ಕಿದ ಗಿಡದ ಬುಡಕ್ಕೇ ತೆಗೆದುಕೊಂಡು ಹೋಗಿ ಇಟ್ಟುಬಿಡಿ. ಆ ಸಾಲಿನ ಕೆಲಸ ಎರಡು ದಿನ ತಡ ಮಾಡಿ, ನಾಯಿಯನ್ನು ಕಟ್ಟಿಹಾಕಿ. ಗಾಯ ಆಗಿದ್ದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಹಸುವಿನ ಹಾಲು ಮಾತ್ರ ಕುಡಿಸಬೇಡಿ.


ಕಾಡುಕೋಳಿ:

ಹುಡುಗರಿಗೆ ಹೇಳಿದೆ. ಟಾರ್ಚ್ ತೆಗೆದುಕೊಂಡು ಹೊರಟಿದ್ದಾರೆ, ಯಾವ ಗಿಡ ಅಂತ ಅವರಿಗೆ ನೆನಪಿದೆ.